ಹ್ವೇಜೋ ಮಸಿ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಜಗಳ? ಯಾರ ಯಾರ ನಡುವೆ?

ಚೀನಾದ ಮಿಂಗ್ ಅರಸರ ಕಾಲ, ವಾನ್‌ಲಿ ಚಕ್ರವರ್ತಿಯ ಆಳ್ವಿಕೆ. ಅಂದರೆ ಹದಿನಾರನೇ ಶತಮಾನದ ಕೊನೆ ಮತ್ತು ಹದಿನೇಳರ ಮೊದಲ ವರ್ಷಗಳು. ಹ್ವೇಜೋ ಸೀಮೆಯ ಶೆ ಎಂಬ ಊರಿನಲ್ಲಿ ಬರೆಯುವ ಮಸಿ ಮಾಡುವ ಇಬ್ಬರಿದ್ದರು. ಒಬ್ಬ ಚೆಂಗ್ ದಾಯುವೆ. ಚೆಂಗ್ ಜುನ್‌ಫಾಂಗ್ ಎಂದರೂ ಇವನೇ. ವ್ಯಾಪಾರಸ್ಥರ ಮನೆತನ, ಕೈತುಂಬ ದುಡ್ಡು. ಇನ್ನೊಬ್ಬ ಫಾಂಗ್ ಯುಲು. ಕವಿತೆ ಕಟ್ಟುವ ಹುಚ್ಚಿದ್ದ ಬಡವ, ಚೆಂಗ್‌ನ ಹತ್ತಿರವೇ ಕೆಲಸ ಕಲಿತವನು. ಕಲಿತವನು ಹೊರಗೆ ಬಂದು ತನ್ನದೇ ಮಸಿಮನೆ ಹಾಕಿದ. ಕೆಲವೇ ವರ್ಷಗಳಲ್ಲಿ ಸಾಹುಕಾರನಿಗಿಂತ ಅವನ ಹೆಸರೇ ಹೆಚ್ಚು ಕೇಳಿಬರತೊಡಗಿತು. ಆಮೇಲೆ ಇಬ್ಬರೂ ಬದುಕಿರುವವರೆಗೆ ಈ ದ್ವೇಷ ಆರಲಿಲ್ಲ.

ಮಸಿಗೆ ಇಷ್ಟೊಂದು ರಂಪವೇ?

ನಮ್ಮ ಕಣ್ಣಿಗೆ ಹಾಗೆ ಕಾಣುತ್ತದೆ. ಆದರೆ ಆ ನಾಡಿನಲ್ಲಿ ಸರ್ಕಾರಿ ಹುದ್ದೆ ಸಿಗುತ್ತಿದ್ದದ್ದು ಪರೀಕ್ಷೆ ಬರೆದು, ಮರ್ಯಾದೆ ಸಿಗುತ್ತಿದ್ದದ್ದು ಕೈಬರಹ ಮತ್ತು ಚಿತ್ರ ನೋಡಿ. ಕುಂಚ, ಕಾಗದ, ಮಸಿ, ಮಸಿ ಅರೆಯುವ ಕಲ್ಲು ಈ ನಾಲ್ಕೂ ಓದುಬರಹ ಬಲ್ಲವನ ಆಸ್ತಿ. ಅಲ್ಲಿಯ ಮಸಿ ದ್ರವವಲ್ಲ, ಕಲ್ಲಿನ ಮೇಲೆ ನೀರು ಹಾಕಿ ಅರೆದು ಬರೆಯುವ ಗಟ್ಟಿ ಬಿಲ್ಲೆ. ಕುಂಚ ಸವೆಯುತ್ತದೆ, ಕಾಗದ ಖರ್ಚಾಗುತ್ತದೆ. ಒಳ್ಳೆಯ ಮಸಿ ಬಿಲ್ಲೆಯನ್ನಾದರೆ ಬರೆಯದೆ ಪೆಟ್ಟಿಗೆಯಲ್ಲಿಟ್ಟು ಬಂದವರಿಗೆ ತೋರಿಸಬಹುದು, ಮೇಲಧಿಕಾರಿಗೆ ಕಾಣಿಕೆ ಕೊಡಬಹುದು. ಫಾಂಗ್ ಯುಲು ಎಲ್ಲರಿಗಿಂತ ಮೊದಲು ಲಾಭ ಮಾಡಿಕೊಂಡದ್ದು ಇದನ್ನೇ: ಕೊಳ್ಳುವವನು ಮಸಿಯನ್ನು ಬರೆಯಲು ಮಾತ್ರ ಕೊಳ್ಳುವುದಿಲ್ಲ.

ಹ್ವೇಜೋ ಎಲ್ಲಿದೆ? ಆ ಊರಿಗೇ ಯಾಕೆ ಈ ಕಸುಬು?

ಈಗಿನ ಆನ್‌ಹುಯಿ ಪ್ರಾಂತ್ಯದ ದಕ್ಷಿಣ ತುದಿ, ಹುವಾಂಗ್‌ಶಾನ್ ಬೆಟ್ಟಗಳ ಮಗ್ಗುಲು. ಪೈನ್ ಮರ ಧಾರಾಳ, ಹೊಲ ಕಡಿಮೆ. ಹೊಲ ಕಡಿಮೆ ಇದ್ದ ಊರಿನ ಗಂಡಸರು ವ್ಯಾಪಾರಕ್ಕೆ ಹೊರಡುವುದು ಎಲ್ಲ ಕಡೆಯೂ ಇದ್ದದ್ದೇ. ಹ್ವೇಜೋ ವರ್ತಕರು ಉಪ್ಪು, ಚಹಾ, ಮರಮುಟ್ಟು ಮಾರುತ್ತ ಇಡೀ ಚೀನಾ ಸುತ್ತಿದವರು.

ಕಸುಬು ಬಂದದ್ದು ಹೊರಗಿನಿಂದ. ಟಾಂಗ್ ಸಾಮ್ರಾಜ್ಯ ಕುಸಿಯುವ ಹೊತ್ತಿಗೆ, ಅಂದರೆ ಹತ್ತನೇ ಶತಮಾನದ ಆಸುಪಾಸಿನಲ್ಲಿ, ಉತ್ತರದ ಯಿಜೋದಿಂದ ಶಿ ಎಂಬ ಮನೆತನ ಗಲಭೆಗೆ ಹೆದರಿ ಇಲ್ಲಿಗೆ ಬಂದು ನೆಲೆಸಿತು. ಇವರ ಮಸಿಗೆ ಮೆಚ್ಚಿ, ಆಮೇಲೆ ಆ ಭಾಗ ಆಳಿದ ದಕ್ಷಿಣ ಟಾಂಗ್ ಅರಸರು ತಮ್ಮದೇ ‘ಲಿ’ ಎಂಬ ಮನೆತನದ ಹೆಸರು ಕೊಟ್ಟರು. ಆ ಮನೆಯ ಲಿ ಟಿಂಗ್‌ಗುಯಿ ಮಾಡಿದ ಬಿಲ್ಲೆಗಳು ಮುಂದೆ ಚಿನ್ನಕ್ಕಿಂತ ದುರ್ಲಭ ಎನಿಸಿಕೊಂಡವು. ಅಲ್ಲಿಂದ ಮುಂದೆ ಮಸಿ ಎಂದರೆ ಹ್ವೇಜೋ.

ಮಸಿ ಮಾಡುವುದು ಹೇಗೆ? ಗುಟ್ಟು ಎನ್ನುವಂಥದ್ದು ಏನಿದೆ?

ಸಾಮಾನು ಎರಡೇ: ಹೊಗೆಯ ಕಪ್ಪು, ತೊಗಲು ಬೇಯಿಸಿ ತೆಗೆದ ಅಂಟು. ಎಲ್ಲರಿಗೂ ಗೊತ್ತಿದ್ದ ಮಾತು. ಗುಟ್ಟಿರುವುದು ಯಾವ ಕಪ್ಪು, ಎಷ್ಟು ಅಂಟು, ಎಷ್ಟು ಕುಟ್ಟುವುದು, ಯಾವ ತಿಂಗಳು ಎಂಬಲ್ಲಿ.

ಮೊದಲು ಪೈನ್ ಕಪ್ಪು. 1637ರಲ್ಲಿ ಸಾಂಗ್ ಯಿಂಗ್‌ಶಿಂಗ್ ಎಂಬಾತ ತನ್ನ ಕಾಲದ ಕಸುಬುಗಳನ್ನೆಲ್ಲ ಬರೆದಿಟ್ಟ ‘ಟಿಯಾನ್‌ಗಾಂಗ್ ಕೈವು’ ಗ್ರಂಥದಲ್ಲಿ ಇದರ ವಿವರವಿದೆ. ಮರ ಕಡಿಯುವ ಮೊದಲು ಬುಡದಲ್ಲಿ ಸಣ್ಣ ತೂತು ಕೊರೆದು ಅಲ್ಲೊಂದು ದೀಪ ಹಚ್ಚಿಡುತ್ತಾರೆ. ಆ ಕಾವಿಗೆ ಮರದ ರಾಳವೆಲ್ಲ ಇಳಿದು ಸುರಿದುಹೋಗುತ್ತದೆ. ಕೂದಲೆಳೆಯಷ್ಟು ರಾಳ ಉಳಿದರೂ ಮಸಿಯಲ್ಲಿ ಗಸಿ ನಿಲ್ಲುತ್ತದೆ. ಆಮೇಲೆ ಬಿದಿರಿನ ಸೀಳು ಬಾಗಿಸಿ, ದೋಣಿಯ ಮೇಲಿನ ಮಾಡಿನ ಹಾಗೆ ಉದ್ದನೆಯ ಗೂಡು ಕಟ್ಟಿ, ಕಾಗದ ಮತ್ತು ಚಾಪೆಯಿಂದ ಸಂದು ಮುಚ್ಚಿ, ಒಂದು ತುದಿಯಲ್ಲಿ ಸೌದೆ ಉರಿಸುತ್ತಾರೆ. ಹೊಗೆ ಕೊನೆಯವರೆಗೆ ಹರಿಯುತ್ತದೆ. ಕೆಲವು ದಿನ ಉರಿಸಿ, ಆರಿದ ಮೇಲೆ ಒಳಹೊಕ್ಕು ಗುಡಿಸುತ್ತಾರೆ. ತೀರ ಕೊನೆಯ ಒಂದೆರಡು ಅಂಕಣದ ಕಪ್ಪು ಅತಿ ನಯ, ಉತ್ತಮ ಮಸಿಗೆ ಅದು. ನಡುವಿನದು ದಿನಬಳಕೆಗೆ. ಬೆಂಕಿಯ ಹತ್ತಿರದ ದಪ್ಪ ಕಪ್ಪನ್ನು ಪುಸ್ತಕ ಅಚ್ಚು ಹಾಕುವವರಿಗೆ ಮಾರುತ್ತಿದ್ದರು. ಈ ಕಡೆಯ ಮಾತು ನೆನಪಿರಲಿ, ಯಾಕೆಂದರೆ ಈ ಜಗಳ ಬೆಳೆದದ್ದೇ ಅಚ್ಚಿನ ಪುಸ್ತಕಗಳಲ್ಲಿ.

ಇನ್ನೊಂದು ಎಣ್ಣೆ ದೀಪದ ಕಪ್ಪು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ನಮ್ಮಜ್ಜಿಯರು ಕಾಡಿಗೆ ಹಿಡಿಯುತ್ತಿದ್ದರಲ್ಲ, ಅದೇ ಕೆಲಸ. ಅಲ್ಲಿ ಟಂಗ್ ಮರದ ಬೀಜದ ಎಣ್ಣೆ, ಒಂದು ದೀಪದ ಬದಲು ಸಾಲುಸಾಲು ದೀಪ. ಚುರುಕಿನ ಆಳು ಒಬ್ಬನೇ 200 ದೀಪ ನೋಡಿಕೊಳ್ಳುತ್ತಿದ್ದ ಎಂದು ಸಾಂಗ್ ಬರೆಯುತ್ತಾನೆ. ಕೆರೆಯುವುದು ಸ್ವಲ್ಪ ತಡವಾದರೆ ಕಪ್ಪು ಬಲಿತು ಹೊತ್ತಿಕೊಳ್ಳುತ್ತದೆ, ಎಣ್ಣೆಯೂ ಹೋಯಿತು, ಮಾಲೂ ಹೋಯಿತು. ಒಂದು ಜಿನ್ ತೂಕದ ಎಣ್ಣೆ ಸುಟ್ಟರೆ ಸಿಗುವ ಉತ್ತಮ ಕಪ್ಪು ಒಂದು ಲಿಯಾಂಗಿಗೆ ತುಸು ಹೆಚ್ಚು. ಜಿನ್‌ಗೆ 16 ಲಿಯಾಂಗ್ ಲೆಕ್ಕ, ಅಂದರೆ ಸುಮಾರು ಹದಿನಾರರಲ್ಲೊಂದು ಪಾಲು. ಎಣ್ಣೆ ಸಾಗಿಸುವ ಖರ್ಚು ತಪ್ಪಿಸಲು ಹ್ವೇಜೋದವರು ಎಣ್ಣೆ ಅಗ್ಗವಿರುವ ಸೀಮೆಗೇ ಆಳು ಕಳಿಸಿ, ಅಲ್ಲೇ ಬಾಡಿಗೆಗಿದ್ದು ದೀಪ ಉರಿಸಿ, ಕಪ್ಪನ್ನು ಮಾತ್ರ ಊರಿಗೆ ತರಿಸುತ್ತಿದ್ದರು. ಶುದ್ಧ ವ್ಯಾಪಾರಿ ಬುದ್ಧಿ.

ಆಮೇಲೆ ಕುಟ್ಟುವುದು. ಆರನೇ ಶತಮಾನದ ಒಂದು ಹಳೆಯ ಕೃಷಿಗ್ರಂಥದಲ್ಲೇ ಸಿಗುವ ಲೆಕ್ಕ: ಕಬ್ಬಿಣದ ಒರಳಲ್ಲಿ 30,000 ಪೆಟ್ಟು, ಜಾಸ್ತಿಯಾದಷ್ಟೂ ಒಳ್ಳೆಯದು. ಬೆಚ್ಚನೆಯ ಕಾಲದಲ್ಲಿ ಅಂಟು ಕೊಳೆತು ನಾರುತ್ತದೆ, ಚಳಿ ಹೆಚ್ಚಾದರೆ ಒಣಗುವುದಿಲ್ಲ, ಗಾಳಿ ಬಿಸಿಲಿಗೆ ಒಡ್ಡಿದರೆ ಸಿಡಿಯುತ್ತದೆ. ಕುಟ್ಟಿದ ಮುದ್ದೆಯನ್ನು ತಿರುವುಮುರುವಾಗಿ ಕೆತ್ತಿದ ಮರದಚ್ಚಿಗೆ ಒತ್ತಿ, ನಿಧಾನ ಒಣಗಿಸಿ, ಅಂಚು ಸವರಿ, ಬೇಕಾದರೆ ಬಂಗಾರದ ಬಣ್ಣ ತುಂಬುತ್ತಾರೆ. ಕಸ್ತೂರಿ, ಕರ್ಪೂರ ಬೆರೆಸುವುದೂ ಉಂಟು. ಬರೆದಾಗ ನೇರಳೆ ಹೊಳಪು ಬಂದರೆ ಉತ್ತಮ, ಬರೀ ಕಪ್ಪು ಹೊಳಪು ಎರಡನೆಯದು, ಬಿಳಿಚಿದರೆ ಕಳಪೆ ಎಂಬುದು ಮಿಂಗ್‌ಗೂ ಹಿಂದೆ, ಹತ್ತರಿಂದ ಹದಿಮೂರನೇ ಶತಮಾನದಲ್ಲಿ ಆಳಿದ ಸಾಂಗ್ ಎಂಬ ಅರಸುವಂಶದ ಕಾಲದಿಂದಲೂ ಬಂದ ಪರೀಕ್ಷೆ.

ಫಾಂಗ್ ಯುಲು ಈ ಗುಟ್ಟನ್ನು ಕದ್ದನೇ?

ಚೆಂಗ್ ಹಾಗೆಂದ. ‘ಗತಿಯಿಲ್ಲದೆ ಬಂದವನಿಗೆ ನೆರಳು ಕೊಟ್ಟೆ, ವಿದ್ಯೆ ಹೇಳಿಕೊಟ್ಟೆ, ನನ್ನ ಹೊಟ್ಟೆಗೇ ಕಲ್ಲು ಹಾಕಿದ’ ಎನ್ನುವುದು ಅವನ ಅಳಲಿನ ಸಾರಾಂಶ. ಫಾಂಗ್ ಅಲ್ಲಿ ಕಲಿತದ್ದು ನಿಜ. ಆದರೆ ಕಲಿತವನು ಹೊರಬಿದ್ದು ಸ್ವಂತ ಅಂಗಡಿ ಇಡುವುದಕ್ಕೂ ಕಳ್ಳತನಕ್ಕೂ ವ್ಯತ್ಯಾಸವಿದೆ. ಅಡುಗೆಭಟ್ಟರಿಂದ ಹಿಡಿದು ಅಕ್ಕಸಾಲಿಗರವರೆಗೆ ಯಾವ ಕಸುಬಿನಲ್ಲಿ ಇದು ನಡೆದಿಲ್ಲ? ಇನ್ನೊಂದು ವಿಷಯ ಗಮನಿಸಿ. ನಮಗೆ ಸಿಕ್ಕಿರುವ ದೂರುಗಳಲ್ಲಿ ಬಹುಪಾಲು ಚೆಂಗ್ ತಾನೇ ಬರೆದು, ಬರೆಸಿ, ಅಚ್ಚು ಹಾಕಿಸಿದವು. ನಾನಂತೂ ಅವನ ಮಾತನ್ನು ಅರ್ಧಕ್ಕೇ ನಂಬುತ್ತೇನೆ.

ಬಡವನಾದ ಫಾಂಗ್ ಸಾಹುಕಾರನನ್ನು ಮೀರಿಸಿದ್ದು ಹೇಗೆ?

ಎರಡು ಉಪಾಯ. ಎರಡರಲ್ಲೂ ಮಸಿಯ ಗುಣಮಟ್ಟಕ್ಕೆ ನೇರ ಸಂಬಂಧವಿಲ್ಲ.

ಮೊದಲನೆಯದು ಆಸರೆ. ಶೆ ಊರಿನಲ್ಲಿ ವಾಂಗ್ ದಾವ್‌ಕುನ್ ಎಂಬ ದೊಡ್ಡ ಮನುಷ್ಯನಿದ್ದ. ಯುದ್ಧ ಖಾತೆಯ ಉಪಮಂತ್ರಿಯಾಗಿದ್ದು ನಿವೃತ್ತಿಯಾಗಿ ಊರಿಗೆ ಬಂದವನು, ಸೇನಾಪತಿ ಚಿ ಜಿಗುವಾಂಗ್‌ನ ಗೆಳೆಯ, ಹೆಸರಾಂತ ಲೇಖಕ. ಅವನೊಂದು ಕವಿಕೂಟ ನಡೆಸುತ್ತಿದ್ದ. ಫಾಂಗ್ ಆ ಕೂಟಕ್ಕೆ ಸೇರಿಕೊಂಡ. ಮಸಿ ಮಾರುವವನಾಗಿ ಹೋಗಿದ್ದರೆ ಹಿತ್ತಿಲ ಬಾಗಿಲಲ್ಲಿ ನಿಲ್ಲಬೇಕಿತ್ತು. ಕವಿಯಾಗಿ ಹೋದದ್ದಕ್ಕೆ ನಡುಮನೆಯಲ್ಲಿ ಜಾಗ ಸಿಕ್ಕಿತು. ವಾಂಗ್ ಮೆಚ್ಚಿದ ಮಸಿ ಎಂದರೆ ಅವನ ನೂರು ಜನ ಪರಿಚಿತರೂ ಮೆಚ್ಚಲೇಬೇಕು.

ಎರಡನೆಯದು ಪುಸ್ತಕ. 1588ರ ಸುಮಾರಿಗೆ ಫಾಂಗ್ ‘ಫಾಂಗ್‌ಶಿ ಮೋಪು’ ಹೊರತಂದ. ಫಾಂಗ್ ಮನೆತನದ ಮಸಿಗಳ ಪಟ್ಟಿ ಅಂತ ಹೇಳಬಹುದು. ಆರು ಭಾಗ, ತನ್ನ ಬಿಲ್ಲೆಗಳ ಮೇಲಿನ 385 ಚಿತ್ರಗಳು, ಜೊತೆಗೆ ವಾಂಗ್ ದಾವ್‌ಕುನ್ ಮೊದಲಾದವರ ಹೊಗಳಿಕೆಯ ಮಾತುಗಳು. ಚಿತ್ರಗಳನ್ನು ಬರೆದವರಲ್ಲಿ ಆ ಕಾಲದ ದೊಡ್ಡ ಕಲಾವಿದ ಡಿಂಗ್ ಯುನ್‌ಪೆಂಗ್ ಇದ್ದ. ಮರದ ಹಲಗೆಯಲ್ಲಿ ಕೆತ್ತಿದವರು ಆ ಸೀಮೆಯ ಹುವಾಂಗ್ ಮನೆತನದ ಕೆತ್ತನೆಗಾರರು. ಕೂದಲಿನಂಥ ಗೆರೆ ಎಳೆಯುವುದರಲ್ಲಿ ಆಗ ಅವರನ್ನು ಬಿಟ್ಟರಿಲ್ಲ.

ಈಗಿನವರು ಇದನ್ನು ಕ್ಯಾಟಲಾಗ್ ಅಂದುಬಿಡುತ್ತಾರೆ. ಸರಿಯೇ, ಆದರೆ ಅದರಲ್ಲಿ ಬೆಲೆಯಿಲ್ಲ, ಅಂಗಡಿ ವಿಳಾಸವಿಲ್ಲ. ಪುಟ ತಿರುವಿದರೆ ಡ್ರ್ಯಾಗನ್ನು, ಹಳೆಯ ಕಂಚಿನ ಪಾತ್ರೆ, ಬೌದ್ಧ ಚಿಹ್ನೆ, ಪುರಾಣದ ಪ್ರಾಣಿ, ಅದಕ್ಕೊಂದು ಪದ್ಯ. ಮಸಿ ಕೊಳ್ಳಲು ಯೋಗ್ಯತೆಯಿರುವ ವಿದ್ವಾಂಸನ ಮೇಜಿನ ಮೇಲೆ ಈ ಪುಸ್ತಕ ತಾನಾಗಿ ಹೋಗಿ ಕೂತಿತು. ಬಿಲ್ಲೆ ಶೆ ಊರಿನಲ್ಲಿದ್ದರೂ ಅದರ ರೂಪ ನಾನ್‌ಜಿಂಗ್, ಬೀಜಿಂಗ್ ತಲುಪಿತು. ಚೆಂಗ್ ಹತ್ತಿರ ದುಡ್ಡಿತ್ತು, ಒಳ್ಳೆಯ ಮಸಿಯೂ ಇತ್ತು, ಇದು ಮಾತ್ರ ಹೊಳೆದಿರಲಿಲ್ಲ.

ಚೆಂಗ್ ಕೋರ್ಟಿಗೆ ಹೋಗಬಹುದಿತ್ತಲ್ಲ?

ಯಾವ ಕಾನೂನಿನಡಿ? ಮಸಿಯ ಪಾಕಕ್ಕಾಗಲಿ ಅಚ್ಚಿನ ಚಿತ್ರಕ್ಕಾಗಲಿ ಈಗಿನ ಪೇಟೆಂಟಿನಂಥ ರಕ್ಷಣೆ ಮಿಂಗ್ ಕಾಲದಲ್ಲಿ ಇರಲಿಲ್ಲ. ಅಂಗಡಿ ಗುರುತು ಎಂಬ ಕಲ್ಪನೆ ಮಾತ್ರ ಅದಕ್ಕೂ ಬಹಳ ಹಿಂದಿನದು. ಸಾಂಗ್ ವಂಶದ ಕಾಲದಲ್ಲಿ ಜಿನಾನ್ ಊರಿನ ಲಿಯು ಮನೆತನ ಸೂಜಿ ಮಾರುತ್ತಿತ್ತು. ‘ಬಾಗಿಲ ಮುಂದಿನ ಬಿಳಿ ಮೊಲ ನೋಡಿ ಗುರುತು ಹಿಡಿಯಿರಿ’ ಎಂದು ಕೆತ್ತಿದ ಅವರ ಕಂಚಿನ ಅಚ್ಚುಫಲಕ ಇವತ್ತಿಗೂ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಗುರುತು ಇಟ್ಟುಕೊಳ್ಳಬಹುದು, ಇನ್ನೊಬ್ಬ ಅದನ್ನೇ ಇಟ್ಟರೆ ಅಧಿಕಾರಿಯ ಕೈಕಾಲು ಹಿಡಿಯಬೇಕು. ಆದ್ದರಿಂದ ಮನೆತನಗಳು ಗುಟ್ಟನ್ನು ಮಕ್ಕಳಿಗೆ, ಬಹಳವೆಂದರೆ ಅಳಿಯನಿಗೆ ಹೇಳುತ್ತಿದ್ದವು. ಚೆಂಗ್ ಹೊರಗಿನವನಿಗೆ ಹೇಳಿದ.

ಕೊಲೆ, ಜೈಲು ಎಂದೆಲ್ಲ ಕೇಳಿದ್ದೇವೆ. ನಿಜವೇ?

ಜೈಲು ನಿಜ. 1590ರ ದಶಕದಲ್ಲಿ ಚೆಂಗ್ ಕೊಲೆ ಆರೋಪದ ಮೇಲೆ ಸೆರೆಮನೆ ಕಂಡ. ಇದರ ಹಿಂದೆ ಫಾಂಗ್‌ನ ಕೈವಾಡವಿದೆ ಎಂದು ಅವನು ಕೊನೆಯವರೆಗೂ ನಂಬಿದ್ದ. ನಂತರದ ಲೇಖಕರು ಇದಕ್ಕೊಂದು ಹೆಂಗಸಿನ ಕಥೆಯನ್ನೂ ಸೇರಿಸಿದರು: ಚೆಂಗ್‌ನ ಹೆಂಡತಿಯ ಹೊಟ್ಟೆಕಿಚ್ಚಿನಿಂದ ಮನೆಬಿಟ್ಟ ಉಪಪತ್ನಿಯನ್ನು ಫಾಂಗ್ ಮದುವೆಯಾಗಲು ಹೊರಟ, ಅಲ್ಲಿಂದ ಕಿಡಿ ಹತ್ತಿತು ಎಂದು. ಸಾಹುಕಾರರ ಜಗಳಕ್ಕೆ ಊರವರು ಹೆಣ್ಣೊಬ್ಬಳನ್ನು ಹುಡುಕಿಕೊಡುವುದು ಹೊಸದೇನಲ್ಲ. ಕಥೆಯಾಗಿ ಕೇಳಿ, ಸಾಕ್ಷಿಯಾಗಿ ಬೇಡ.

ಚೆಂಗ್ ಹೇಗೆ ಸೇಡು ತೀರಿಸಿಕೊಂಡ?

ಫಾಂಗ್ ಬಳಸಿದ ಆಯುಧವನ್ನೇ ಇನ್ನಷ್ಟು ದೊಡ್ಡದು ಮಾಡಿ ಬೀಸಿದ. ವಾಂಗ್ ದಾವ್‌ಕುನ್ 1593ರಲ್ಲಿ ತೀರಿಕೊಂಡಿದ್ದ, ಫಾಂಗ್‌ಗೆ ಬೆನ್ನ ಹಿಂದಿನ ಗೋಡೆ ಹೋಗಿತ್ತು. 1606ರ ಹೊತ್ತಿಗೆ ಚೆಂಗ್‌ನ ‘ಚೆಂಗ್‌ಶಿ ಮೋಯುವಾನ್’ ಬಂತು. ಚೆಂಗ್ ಮನೆತನದ ಮಸಿತೋಟ. ಫಾಂಗ್‌ನದು 385 ಚಿತ್ರವಾದರೆ ಇದರಲ್ಲಿ 500ಕ್ಕೂ ಹೆಚ್ಚು. ಆಕಾಶ, ಭೂಮಿ, ಮನುಷ್ಯ, ವಸ್ತು, ಕನ್ಫ್ಯೂಷಿಯಸ್ ಬೋಧೆ, ಬೌದ್ಧ ಮತ್ತು ದಾವೊ ಮತಗಳು ಎಂದು ಇವನದೂ ಆರು ವಿಭಾಗ. ಕೆಲವು ಪ್ರತಿಗಳಲ್ಲಿ ಒಂದೇ ಹಲಗೆಗೆ ಬೇರೆ ಬೇರೆ ಬಣ್ಣ ಹಚ್ಚಿ ಒತ್ತಿದ ಪುಟಗಳಿವೆ. ಚೀನಾದ ಬಣ್ಣದ ಮುದ್ರಣದ ಚರಿತ್ರೆ ಹೇಳುವವರು ಈ ಪುಸ್ತಕ ಬಿಟ್ಟು ಮುಂದೆ ಹೋಗುವುದಿಲ್ಲ. ಮೆಚ್ಚುಗೆ ಬರೆದವರಲ್ಲಿ ಡಾಂಗ್ ಚಿಚಾಂಗ್ ಕೂಡ ಇದ್ದ, ಆ ಯುಗದ ಕೈಬರಹದ ದೊರೆ. ನೂರು ವರ್ಷದ ಮೇಲೆ ಜುನ್‌ಫಾಂಗ್ ಇರದಿದ್ದರೂ ಅವನ ಮಸಿ ಇರುತ್ತದೆ, ಸಾವಿರ ವರ್ಷದ ಮೇಲೆ ಮಸಿ ಇರದಿದ್ದರೂ ಹೆಸರು ಇರುತ್ತದೆ ಎಂದು ಅವನು ಹೊಗಳಿದ.

ನಡುವೆ ಒಂದು ತೋಳ. ಝೋಂಗ್‌ಶಾನ್ ತೋಳದ ಕಥೆ ಚೀನಾದ ಮಕ್ಕಳಿಗೂ ಗೊತ್ತು. ಬೇಟೆಗಾರರಿಂದ ಓಡಿ ಬಂದ ತೋಳವನ್ನು ಒಬ್ಬ ಸಾಧು ಮೇಷ್ಟ್ರು ತನ್ನ ಚೀಲದಲ್ಲಿ ಬಚ್ಚಿಡುತ್ತಾನೆ. ಅಪಾಯ ಕಳೆದ ಮೇಲೆ ತೋಳ ಅವನನ್ನೇ ತಿನ್ನಲು ಬಾಯಿ ತೆರೆಯುತ್ತದೆ. ಚೆಂಗ್ ಈ ಕಥೆಯನ್ನು ಚಿತ್ರ ಸಮೇತ ಪುಸ್ತಕಕ್ಕೆ ಸೇರಿಸಿದ. ಹಾವಿಗೆ ಹಾಲೆರೆದ ಮೇಷ್ಟ್ರು ಯಾರು, ತೋಳ ಯಾರು ಎಂದು ಶೆ ಊರಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಮಸಿ ಪಟ್ಟಿಯಲ್ಲಿ ವೈರಿಯನ್ನು ಬೈಯುವುದು ಸಣ್ಣತನವೇ ಇರಬಹುದು. ಆದರೆ ನಾನೂರು ವರ್ಷ ದಾಟಿಯೂ ಫಾಂಗ್‌ನ ಹೆಸರಿಗೆ ಆ ತೋಳ ಅಂಟಿಕೊಂಡಿದೆ.

ಅದರಲ್ಲಿ ಏಸುಕ್ರಿಸ್ತನ ಚಿತ್ರಗಳೂ ಇವೆಯಂತೆ?

ಹೌದು, ಕ್ರೈಸ್ತ ಚಿತ್ರಗಳು ಒಟ್ಟು ನಾಲ್ಕು. ಬೀಜಿಂಗಿನಲ್ಲಿದ್ದ ಇಟಲಿಯ ಜೆಸ್ಯೂಟ್ ಪಾದ್ರಿ ಮತ್ತೆಯೊ ರಿಚ್ಚಿಯನ್ನು ಚೆಂಗ್ ಭೇಟಿಯಾಗಿದ್ದ. ರಿಚ್ಚಿ ಯುರೋಪಿನ ಕೆತ್ತನೆ ಚಿತ್ರಗಳನ್ನು ಕೊಟ್ಟ: ನೀರಿನ ಮೇಲೆ ನಡೆಯಹೋಗಿ ಮುಳುಗುವ ಪೇತ್ರ, ಎಮ್ಮಾವುಸ್ ದಾರಿಯಲ್ಲಿ ಶಿಷ್ಯರಿಗೆ ಸಿಕ್ಕ ಕ್ರಿಸ್ತ, ಸೊದೋಮಿನ ನಾಶ, ಮಗುವನ್ನು ಎತ್ತಿಕೊಂಡ ಮರಿಯಮ್ಮ. ಚೀನೀ ಕೆತ್ತನೆಗಾರರು ಅವನ್ನು ಹಲಗೆಗೆ ಇಳಿಸಿದರು. ಜೊತೆಗಿನ ಚೀನೀ ಬರಹಕ್ಕೆ ರಿಚ್ಚಿ ರೋಮನ್ ಅಕ್ಷರಗಳಲ್ಲಿ ಉಚ್ಚಾರ ಬರೆದುಕೊಟ್ಟ. ಚೆಂಗ್‌ಗೆ ಬೇಕಾಗಿದ್ದು ಫಾಂಗ್ ಹತ್ತಿರ ಇಲ್ಲದ ಒಂದು ವಿಚಿತ್ರ, ರಿಚ್ಚಿಗೆ ಬೇಕಾಗಿದ್ದು ವಿದ್ವಾಂಸರ ಮನೆ ಹೊಗುವ ದಾರಿ. ಈ ಕೊಡುಕೊಳ್ಳುವಿಕೆಯಿಂದ ನಿಜವಾದ ಲಾಭ ಪಡೆದವರು ಮೂರನೆಯವರು. ಆ ಕಾಲದ ಚೀನೀ ಮಾತು ಕಿವಿಗೆ ಹೇಗೆ ಕೇಳುತ್ತಿತ್ತು ಎಂದು ಹುಡುಕುವ ಭಾಷಾಶಾಸ್ತ್ರಜ್ಞರಿಗೆ ಆ ರೋಮನ್ ಸಾಲುಗಳು ನಿಧಿಯಂತೆ ಸಿಕ್ಕವು.

ಎರಡೂ ಪುಸ್ತಕದಲ್ಲಿ ಒಂದೇ ಥರದ ಚಿತ್ರಗಳಿವೆ. ಯಾರದು ನಕಲು?

ಫಾಂಗ್‌ನದು ಮೊದಲು ಅಚ್ಚಾಯಿತು. ಆದರೆ ಬಿಲ್ಲೆಯ ವಿನ್ಯಾಸ ತನ್ನದೇ, ಪುಸ್ತಕಕ್ಕೂ ಮೊದಲಿನದು ಎಂದು ಚೆಂಗ್‌ನ ವಾದ. ತಮಾಷೆಯೆಂದರೆ ಡಿಂಗ್ ಯುನ್‌ಪೆಂಗ್ ಇಬ್ಬರಿಗೂ ಚಿತ್ರ ಬರೆದ, ಹುವಾಂಗ್ ಮನೆತನ ಇಬ್ಬರಿಗೂ ಹಲಗೆ ಕೆತ್ತಿತು. ಯಜಮಾನರು ಮುಖ ನೋಡದಿದ್ದರೂ ಕೆಲಸಗಾರರು ಎರಡೂ ಮನೆಯಲ್ಲಿ ಕೂಲಿ ಎಣಿಸಿಕೊಂಡರು.

ಕೊನೆಗೆ ಗೆದ್ದವರು ಯಾರು?

ವ್ಯಾಪಾರದಲ್ಲಿ ಫಾಂಗ್, ಪುಸ್ತಕದಲ್ಲಿ ಚೆಂಗ್ ಎನ್ನುವುದು ನನ್ನ ಲೆಕ್ಕ. ಫಾಂಗ್ ಬರಿಗೈಯಲ್ಲಿ ಬಂದು, ಸಾಹುಕಾರನು ತನ್ನನ್ನು ಅನುಕರಿಸುವ ಸ್ಥಿತಿಗೆ ತಂದ. ಅದಕ್ಕಿಂತ ದೊಡ್ಡ ಗೆಲುವು ಬೇಕೆ? ಅವನ ‘ಜ್ಯೂಶುವಾನ್ ಸಾಂಜಿ’, ಚೆಂಗ್‌ನ ‘ಶುವಾನ್‌ಯುವಾನ್ ಲಿಂಗ್‌ಚಿ’ ಎಂಬ ಮಸಿಗಳು ಎರಡೂ ಮಿಂಗ್ ಮಸಿಯ ತುತ್ತತುದಿ ಎಂದೇ ಹೆಸರಾದವು. ದೊಡ್ಡವರ ಆಸರೆ ನಂಬಿದ ಫಾಂಗ್‌ಗೆ ಹಿಂದಿನ ತಲೆಮಾರಿನ ಒಂದು ಎಚ್ಚರಿಕೆಯೂ ಇತ್ತು. ಅದೇ ಸೀಮೆಯ ಮಸಿಗಾರ ಲುವೊ ಶಿಯಾವ್‌ಹುವಾ ಅಧಿಕಾರಸ್ಥ ಯಾನ್ ಶಿಫಾನ್‌ನ ಬಾಲ ಹಿಡಿದಿದ್ದ. 1565ರಲ್ಲಿ ಯಾನ್‌ನ ತಲೆ ಹೋದಾಗ ಲುವೊನದೂ ಹೋಯಿತು. ಆ ಲೆಕ್ಕದಲ್ಲಿ ಫಾಂಗ್ ಅದೃಷ್ಟವಂತ.

ಮುಂದಿನ ಮಸಿಮನೆತನಗಳು ಈ ಗೋಳಿಗೆ ಬೀಳದಂತೆ ಏನು ಮಾಡಿದವು?

ಮಿಂಗ್ ನಂತರ ಬಂದ ಚಿಂಗ್ ಅರಸರ ಕಾಲದಲ್ಲಿ ಚಾವೊ ಸುಗಾಂಗ್ ಎಂಬಾತ ತನ್ನ ಮಸಿಯನ್ನು ನೇರ ಕಾಂಗ್‌ಶಿ ಚಕ್ರವರ್ತಿಗೇ ಒಪ್ಪಿಸಿದ. ಚಕ್ರವರ್ತಿಯಿಂದ ಹೆಸರು ಪಡೆದ ಬಿಲ್ಲೆಯನ್ನು ಕೆಣಕುವ ಧೈರ್ಯ ಯಾರಿಗಿದೆ?

ನನಗೆ ಹೆಚ್ಚು ಹಿಡಿಸುವುದು ಹು ಕೈವೆನ್ ಅಂಗಡಿಯ ಕ್ರಮ. ಹು ಟಿಯಾನ್‌ಝು ಎಂಬವನು ಮಾವನ ಮಸಿಮನೆಯಲ್ಲಿ ದುಡಿದು, ಅದನ್ನೇ ವಹಿಸಿಕೊಂಡು, ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ಹು ಕೈವೆನ್ ಎಂಬ ಹೆಸರಿಟ್ಟ. ಅವನಿಗೆ ಗಂಡುಮಕ್ಕಳು ಹಲವರು, ಆದ್ದರಿಂದ ಪಾಲುಪಟ್ಟಿಯಲ್ಲಿ ಹೀಗೆ ಕಟ್ಟು ಮಾಡಿದ: ಮನೆ ಒಡೆಯಬಹುದು, ಅಂಗಡಿ ಒಡೆಯಬಾರದು. ಬೇರೆ ಅಂಗಡಿ ಹಾಕಿದರೂ ಅಲ್ಲಿ ಮಸಿ ಒತ್ತುವ ಮೇಜು ಇಡಬಾರದು. ಮೇಜು ಇಟ್ಟರೆ ಹೆಸರು ಬದಲಿಸಬೇಕು. ಮಾರುವುದು ಎಲ್ಲರೂ ಮಾರಲಿ, ಮಾಡುವುದು ಒಂದೇ ಕಡೆ ಎಂಬ ವ್ಯವಸ್ಥೆ. ಅಣ್ಣತಮ್ಮಂದಿರ ನಡುವೆ ಇನ್ನೊಬ್ಬ ಫಾಂಗ್ ಹುಟ್ಟದಂತೆ ಬೇಲಿ ಹಾಕಿದ ಹಾಗಾಯಿತು. ಭೂಗೋಳದ ಆಕಾರದ ಹು ಕೈವೆನ್ ಮಸಿ 1915ರ ಸ್ಯಾನ್ ಫ್ರಾನ್ಸಿಸ್ಕೊ ಪನಾಮಾ ಪ್ರದರ್ಶನದಲ್ಲಿ ಚಿನ್ನದ ಪದಕ ಗಳಿಸಿತು.

ಆ ಕಾಲದ ಬಿಲ್ಲೆ ಸಿಕ್ಕರೆ ಇವತ್ತು ಅದರಲ್ಲಿ ಬರೆಯಬಹುದೇ?

ಸಿಗುವುದು ಕಷ್ಟ, ಸಿಕ್ಕಿತೆಂದು ಯಾರಾದರೂ ಹೇಳಿದರೆ ನಂಬುವುದು ಇನ್ನೂ ಕಷ್ಟ. ಇವರಿಬ್ಬರ ಹೆಸರಿನ ನಕಲಿ ಬಿಲ್ಲೆಗಳನ್ನು ನಂತರದವರು ಧಾರಾಳವಾಗಿ ಒತ್ತಿದ್ದಾರೆ. ಅಚ್ಚಿನ ಚಿತ್ರ ಪುಸ್ತಕದಲ್ಲೇ ಸಿಗುವಾಗ ಕೆತ್ತುವುದೇನು ದೊಡ್ಡ ಕೆಲಸ? ಕಪ್ಪು ಕೆಡುವ ವಸ್ತುವಲ್ಲ, ಕೆಡುವುದು ಅಂಟು. ಕೆಲವು ದಶಕ ಕಳೆದ ಬಿಲ್ಲೆಯಲ್ಲಿ ಅಂಟು ಮೆತ್ತಗಾಗಿ ಬರಹ ಇನ್ನೂ ನಯವಾಗುತ್ತದೆ ಎಂದು ಬರೆಯುವವರು ಮೆಚ್ಚುತ್ತಾರೆ. ಶತಮಾನಗಳು ಉರುಳಿದರೆ ಅಂಟಿನ ಹಿಡಿತವೇ ಸಡಿಲಿ ಬಿಲ್ಲೆ ಬಿರುಕು ಬಿಡುತ್ತದೆ. ತೇವ ತಾಗಿದರೆ ಬೂಷ್ಟು ಬೇರೆ. ಅಸಲಿ ಮಿಂಗ್ ಬಿಲ್ಲೆಗಳನ್ನು ನೋಡಬೇಕಾದರೆ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯ ಇದೆ. ಬರೆಯಲು ಬೇಕಾದರೆ ಹೊಸದನ್ನೇ ಕೊಳ್ಳಿ, ಹ್ವೇಜೋದಲ್ಲಿ ಈಗಲೂ ಕುಟ್ಟುತ್ತಾರೆ.